ಕಣ್ಣು ಮಿಟುಕಿಸದವನು

ತಾಬೋರ್
೯ ಅಕ್ಟೋಬರ್ ೨೦೧೧

ಪ್ರೀತಿಯ ವಿಲೇಮ್,

ನಿನ್ನ ಮೊಣಕಾಲು ಈ ಚಳಿಗಾದರೂ ನಿನ್ನ ಮಾತು ಕೇಳುತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಈಸ್ಟರ್ ಹಬ್ಬಕ್ಕೆ ನೀನು ಹಾಕಿದ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ. ಬೈದುಕೋ, ಪರವಾಗಿಲ್ಲ, ಆದರೆ ಮರೆತೆನೆಂದು ತಿಳಿಯಬೇಡ. ನನ್ನ ಅಕ್ಷರ ನೋಡಿದರೇ ನಿನಗೆ ಗೊತ್ತಾಗುತ್ತದೆ. ಸಾಲು ಶುರುವಾಗುವಾಗ ಬಟಾಣಿಯಷ್ಟು ಇದ್ದದ್ದು ಮುಗಿಯುವಷ್ಟರಲ್ಲಿ ಸಾಸಿವೆಯಾಗಿರುತ್ತದೆ. ಅರ್ಧ ಪುಟಕ್ಕೆ ಒಂದು ಬೆಳಗು ಬೇಕು. ಲಿಬುಶೆ "ನೀನು ಹೇಳ್ತಾ ಹೋಗು, ನಾನು ಬರೀತೀನಿ" ಅಂದಳು. ಬೇಡವೆಂದೆ. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಗೂ ಹೇಳದ ಮಾತು ಇದರಲ್ಲಿ ಎಲ್ಲಿ ನುಸುಳಿಬಿಡುತ್ತದೋ ಎಂಬ ಅಳುಕು.

ಕಾಯಿಲೆಯ ಹೆಸರು ಪಾರ್ಕಿನ್ಸನ್. ಫೆಬ್ರವರಿಯಲ್ಲಿ ಗೊತ್ತಾಯಿತು. ಡಾಕ್ಟರು ಒಳ್ಳೆಯ ಹೆಂಗಸು, ಮುಚ್ಚುಮರೆ ಇಲ್ಲದವಳು. "ಕೈ ನಡುಗೋದು ಎಲ್ಲರ ಕಣ್ಣಿಗೂ ಬೀಳತ್ತೆ. ಆದ್ರೆ ನಿಮ್ಮನ್ನ ಹೆಚ್ಚು ಕಾಡೋದು ಮುಖ. ಮುಖದ ಸ್ನಾಯುಗಳು ಬಿಗೀತಾ ಹೋಗ್ತವೆ, ರೆಪ್ಪೆ ಬಡಿಯೋದು ಕಮ್ಮಿ ಆಗತ್ತೆ. ಮನೆಯವರಿಗೆ ಮೊದಲೇ ಹೇಳಿಡಿ" ಅಂದಳು. ಹೇಳಿಟ್ಟೆ. ಹೇಳಿಟ್ಟರೆ ಏನಾಗುತ್ತದೆ? ಒಳಗೆ ನಗುತ್ತೇನೆ, ಅದು ಕೆನ್ನೆಯವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಮೊನ್ನೆ ಲಿಬುಶೆ ಪ್ಲಮ್ ಹಣ್ಣು ತುಂಬಿದ ಕಡುಬು ಬೇಯಿಸಿ ಬೆಣ್ಣೆ ಸುರಿದು ಬಡಿಸಿದಳು. ಬಹಳ ಚೆನ್ನಾಗಿದೆ ಅಂದೆ. ಅವಳು ಚಮಚ ಕೆಳಗಿಟ್ಟು, "ಚೆನ್ನಾಗಿದ್ರೆ ಮುಖಕ್ಕೂ ಸ್ವಲ್ಪ ಹೇಳು ಲುಬೋರ್" ಅಂದಳು. ತಮಾಷೆಗೇ ಅಂದಿದ್ದು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ನೀನು ಈಗ ಏನು ಯೋಚಿಸುತ್ತಿದ್ದೀಯೆಂದು ಬಲ್ಲೆ. ಮೊದಲು ನನಗೂ ನಗು ಬಂತು. ಸೆವೆರ್‌ನ ಪಾತ್ರ ಮಾಡಿದವನಿಗೆ ಕೊನೆಗೆ ಸೆವೆರ್‌ನ ಮುಖವೇ ಬಂತು. ಎಪ್ಪತ್ತಾರರ ಹದಿಮೂರು ಭಾನುವಾರ ಈ ದೇಶದ ಮಕ್ಕಳೆಲ್ಲ ಸೋಫಾದ ಹಿಂದೆ ಅವಿತುಕೊಂಡು ನಮ್ಮ ಧಾರಾವಾಹಿ ನೋಡಿದರು. ಥೇಟು ಮನುಷ್ಯನಂತಿರುವ ಯಂತ್ರ, ಮನೆಗೆಲಸಕ್ಕೆಂದು ಬಂದವನು, ಏಳನೆಯ ಭಾಗದಲ್ಲಿ ಒಳಗಿನಿಂದ ಬಾಗಿಲು ಹಾಕಿ ಕೀಲಿ ಜೇಬಿಗಿಳಿಸುತ್ತಾನೆ. ನೀನು ಬರೆದೆ, ನಾನು ಕಣ್ಣು ಮಿಟುಕಿಸಲಿಲ್ಲ. ನಮ್ಮಿಬ್ಬರ ಹೆಸರೂ ಅಷ್ಟರಿಂದಲೇ ಉಳಿಯಿತು. ಬೇಕರಿಯ ಸಾಲಿನಲ್ಲಿ ನನ್ನನ್ನು ಕಂಡು ಮಕ್ಕಳು ಅತ್ತರೆ ಅವತ್ತು ಸಂಜೆ ನಾವಿಬ್ಬರೂ ಅದರ ಸಂತೋಷಕ್ಕೇ ಬಿಯರ್ ಕುಡಿಯುತ್ತಿದ್ದೆವು.

ಈಗ ಅಳುತ್ತಿರುವವಳು ನನ್ನ ಮೊಮ್ಮಗಳು. ಹಿನೆಕ್‌ನ ಮಗಳು ರೊಜಾರ್ಕಾಳಿಗೆ ಐದು ವರ್ಷ. ಬೇಸಿಗೆಯವರೆಗೂ ನನ್ನ ತೊಡೆಯಿಂದ ಇಳಿಯುತ್ತಿರಲಿಲ್ಲ. ಆಗಸ್ಟಿನಲ್ಲಿ ಯಾರದೋ ಮನೆಯ ಕಂಪ್ಯೂಟರಿನಲ್ಲಿ "ನಿಮ್ಮ ತಾತ ನೋಡು" ಎಂದು ಏಳನೆಯ ಭಾಗ ತೋರಿಸಿದ್ದಾರೆ. ಮುಂದಿನ ಭಾನುವಾರ ಊಟಕ್ಕೆ ಬಂದಳು. ನಾನೇ ಬಾಗಿಲು ತೆರೆದೆ. ಅವಳು ನನ್ನನ್ನು ನೋಡಿದಳು, ಬಾಗಿಲಿನ ಚಿಲಕವನ್ನು ನೋಡಿದಳು, ಅಮ್ಮನ ಕೋಟಿನೊಳಗೆ ಹೊಕ್ಕಳು. ಅಂಥ ಕಿರುಚಾಟ ನಾನು ಕೇಳಿರಲಿಲ್ಲ ವಿಲೇಮ್. ನಾನು ಮಂಡಿಯೂರಿ "ನಾನು ಕಣೇ, ನಿನ್ನ ತಾತ" ಅಂದೆ. ಮುಖ ಸಹಾಯಕ್ಕೆ ಬರಲಿಲ್ಲ. ಹತ್ತಿರ ಹೋದಷ್ಟೂ ಅವಳು ನಡುಗಿದಳು. ಸಾರು ಒಲೆಯ ಮೇಲೇ ಉಳಿಯಿತು, ಅವರು ವಾಪಸು ಹೋದರು. ಸೊಸೆ ಇವೆತಾ ಫೋನು ಮಾಡಿದಳು. ಕೆಟ್ಟವಳಲ್ಲ ಅವಳು, ಮಾತಿಗೆ ತಡಕಾಡುತ್ತಿದ್ದಳು. "ಮಾವ, ತಪ್ಪು ತಿಳೀಬೇಡಿ. ಮಗು ನಿದ್ದೇಲಿ ಬೆಚ್ಚಿ ಬೀಳ್ತಿದೆ. ಸ್ವಲ್ಪ ದಿನ ನೀವೂ ಬರೋದು ಬೇಡ, ನಾವೂ ಬರಲ್ಲ." ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದು ಕೇಳಲಿಲ್ಲ. ನನ್ನ ಮುಖ ಮುಂದೆ ಇನ್ನೂ ಬಿಗಿಯುವುದೇ ಹೊರತು ಸಡಿಲವಾಗುವುದಿಲ್ಲ.

ಇದರ ನಡುವೆ ಪ್ರಾಗ್‌ನಿಂದ ಕರೆ ಬಂತು. ಸೆವೆರ್‌ನನ್ನು ಹೊಸದಾಗಿ ಮಾಡುತ್ತಾರಂತೆ. ನಿನ್ನನ್ನೂ ಕೇಳಿರುತ್ತಾರೆ, ಕಥೆಯ ಹಕ್ಕು ನಿನ್ನದಲ್ಲವೇ. ಕಳೆದ ತಿಂಗಳು ಲಿಬುಶೆಯ ತೋಳು ಹಿಡಿದು ರೈಲು ಹತ್ತಿದೆ. ನಿರ್ದೇಶಕಿ ಸಾಬೀನಾ ಎಂಬವಳು, ಮೂವತ್ತೈದು ಇರಬಹುದು, ಚುರುಕು, ಸಜ್ಜನಿಕೆಯವಳು. ನಾನು ಒಳಗೆ ಬಂದು ಕುರ್ಚಿಯಲ್ಲಿ ಕೂತದ್ದಷ್ಟೇ, ಅವಳು ಎರಡೂ ಕೈ ಬಾಯಿಗಿಟ್ಟುಕೊಂಡಳು.

"ಅಬ್ಬ, ಇನ್ನೂ ಹಾಗೇ ಉಳಿಸ್ಕೊಂಡಿದ್ದೀರಲ್ಲ ಲುಬೋರ್ ಅವರೇ. ಮೂವತ್ತೈದು ವರ್ಷ ಆದ್ಮೇಲೂ. ಮೇಕಪ್ಪೇ ಬೇಡ ನಿಮಗೆ. ಮುದುಕನಾದ ಸೆವೆರ್ ಆಗಿ ನೀವೇ ಬರಬೇಕು, ಬೇರೆ ಮಾತೇ ಇಲ್ಲ."

ಲಿಬುಶೆ ಹೇಳಿದಳು, "ಅದು ನಟನೆ ಅಲ್ಲಮ್ಮ, ಕಾಯಿಲೆ."

ಆ ಹುಡುಗಿ ಕೆಂಪಗಾದಳು. ಕ್ಷಮೆ ಕೇಳಿದಳು, ಕಾಫಿ ತರಿಸಿದಳು. ನಾನು ಕಾಫಿಗೆ ಕೈ ಹಾಕದೆ ಕೇಳಿದೆ, "ಪಾತ್ರ ಮಾಡ್ತೀನಿ. ಆದ್ರೆ ಈ ಸಲ ಅವನು ಕೆಟ್ಟವನಾಗದೇ ಇರಬಹುದಾ?"

ಅವಳು ಉಡಾಫೆ ಮಾಡಲಿಲ್ಲ, ಯೋಚಿಸಿಯೇ ಉತ್ತರ ಕೊಟ್ಟಳು. "ನೋಡಿ, ಡಬ್ಬಿ ತರ ಇರೋ ಯಂತ್ರ ಮುದ್ದಾಗಿರತ್ತೆ, ಮಕ್ಕಳು ಅದರ ಗೊಂಬೆ ಕೇಳ್ತಾರೆ. ಇವನು ನಮ್ಮ ಹಾಗೇ ಕಾಣ್ತಾನೆ, ಅದೇ ತೊಂದರೆ. ಒಳಗೆ ಏನಿದೆ ಅಂತ ಮುಖ ಹೇಳಲ್ಲ. ಅಂಥೋನು ಒಳ್ಳೆಯವನು ಅಂದ್ರೆ ಯಾರು ನಂಬ್ತಾರೆ? ಹೆದರಿಕೆ ಮೊದಲೇ ಬಂದು ಕೂತಿರತ್ತೆ. ನಾವು ಅದಕ್ಕೊಂದು ಕಾರಣ ಕೊಡ್ತೀವಿ, ಅಷ್ಟೆ."

"ನನ್ನ ಗಂಡನೂ ನಮ್ಮ ಹಾಗೇ ಕಾಣ್ತಾನೆ" ಅಂದಳು ಲಿಬುಶೆ. "ಒಳಗೆ ಏನಿದೆ ಅಂತ ನನಗೆ ಗೊತ್ತು. ಏಳು ಲುಬೋರ್, ರೈಲು ತಪ್ಪತ್ತೆ." ರೈಲಿಗೆ ಇನ್ನೂ ಎರಡು ಗಂಟೆ ಇತ್ತು.

ವಿಲೇಮ್, ನಿನ್ನ ಮೊದಲ ಹಸ್ತಪ್ರತಿ ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ಸೆವೆರ್ ಕೆಟ್ಟವನಲ್ಲ. ಹಾಸಿಗೆ ಹಿಡಿದ ಅಜ್ಜಿಯ ಕಾಲು ತೊಳೆಯುತ್ತಾನೆ, ಕೊನೆಯಲ್ಲಿ ಅವಳ ಪಕ್ಕದಲ್ಲಿ ಕೂತಿರುತ್ತಾನೆ. ಅದನ್ನು ಓದಿ ಟಿವಿಯವರು ನಿನ್ನನ್ನು ಕರೆಸಿ ಹೇಳಿದ್ದನ್ನು ನೀನೇ ಬಂದು ನನಗೆ ನಟಿಸಿ ತೋರಿಸಿದ್ದೆ. "ಕಾಮ್ರೇಡ್, ಎಲ್ಲಾ ಚೆನ್ನಾಗಿದೆ, ಕೆಟ್ಟವನು ಯಾರು?" ಬಾಸ್ ಕೆಟ್ಟವನಾಗುವಂತಿಲ್ಲ, ಪೊಲೀಸ್ ಆಗುವಂತಿಲ್ಲ, ನೆರೆಯವನಾದರೆ ಯಾರೋ ನನ್ನನ್ನೇ ಅಂದರು ಅನ್ನುತ್ತಾರೆ. ಯಂತ್ರಕ್ಕೆ ಅಮ್ಮನಿಲ್ಲ, ಊರಿಲ್ಲ, ದೂರು ಕೊಡಲು ಅದಕ್ಕೆ ಯಾರೂ ಇಲ್ಲ. ಒಂದೇ ವಾರದಲ್ಲಿ ನೀನು ಅವನ ಕೈಗೆ ಕೀಲಿ ಕೊಟ್ಟೆ. "ಯಾರಿಗೂ ನೋವಾಗಲ್ಲ ಕಣೋ, ಅದೇ ಇದರ ಸುಖ" ಅಂದಿದ್ದೆ. ನಾನೂ ಹೌದೆಂದಿದ್ದೆ.

ಸಹಿ ಹಾಕಬೇಡ ವಿಲೇಮ್. ಇದೊಂದನ್ನು ಕೇಳಲಿಕ್ಕೇ ಮೂರು ವಾರದಿಂದ ಈ ಸಾಸಿವೆ ಅಕ್ಷರ ಕೂಡಿಸಿದ್ದೇನೆ. ಮತ್ತೆ ಹದಿಮೂರು ಭಾನುವಾರ ಈ ಮುಖ ಊರೂರಿಗೆ ಹೋದರೆ ರೊಜಾರ್ಕಾ ನನ್ನ ಬಳಿ ಇನ್ನೆಂದೂ ಬರುವುದಿಲ್ಲ. ಹಾಕಲೇಬೇಕೆಂದಿದ್ದರೆ ನಿನ್ನ ಮೊದಲ ಪ್ರತಿಯನ್ನೇ ಕೊಡುತ್ತೇನೆಂದು ಹಟ ಹಿಡಿ. ನಾನು ಹಿಂದೆಂದೂ ನಿನ್ನನ್ನು ಏನನ್ನೂ ಬೇಡಿಲ್ಲ. ಕೂಡಲೇ ಬರಿ.

ನಿನ್ನ
ಲುಬೋರ್

*

ತಾಬೋರ್
೪ ಡಿಸೆಂಬರ್ ೨೦೧೧

ಪ್ರೀತಿಯ ವಿಲೇಮ್,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಈ ಸಲದ ತಡಕ್ಕೆ ಕೈಯನ್ನು ದೂರುವುದಿಲ್ಲ. ಸಿಟ್ಟಿತ್ತು. ನಿನ್ನ ಕಾಗದವನ್ನು ಬ್ರೆಡ್ ಡಬ್ಬದ ಹಿಂದೆ ತಳ್ಳಿಟ್ಟಿದ್ದೆ, ಲಿಬುಶೆ ತೆಗೆದು ಮೇಜಿನ ಮೇಲಿಡುತ್ತಿದ್ದಳು, ನಾನು ಮತ್ತೆ ತಳ್ಳುತ್ತಿದ್ದೆ.

ಸೆಪ್ಟೆಂಬರಿನಲ್ಲೇ ಸಹಿ ಹಾಕಿಬಿಟ್ಟಿದ್ದೀಯ. ನನ್ನ ಕಾಗದ ತಲುಪುವ ಮೊದಲೇ. ಸರಿ, ಅದಕ್ಕೆ ನಿನ್ನನ್ನು ದೂರುವುದು ಹೇಗೆ? "ಎಪ್ಪತ್ತು ದಾಟಿದೆ ಲುಬೋರ್, ನಾನು ಬರೆದ ಉಳಿದದ್ದೆಲ್ಲ ಇಲಿ ತಿಂದವು, ಜನರ ನೆನಪಲ್ಲಿ ಇರೋದು ಇದೊಂದೇ" ಎಂದು ಬರೆದಿದ್ದೀಯ. ಅದನ್ನು ಓದಿದಾಗ ಸಿಟ್ಟಿನ ಅರ್ಧ ಇಳಿಯಿತು. ಆದರೆ ಅದರ ಕೆಳಗೆ ಇನ್ನೊಂದು ಸಾಲಿದೆ. "ಅದು ಬರೀ ಕಥೆ ಕಣೋ. ಗಾಜಿನ ಕಣ್ಣಿನ ಒಂದು ಬೊಂಬೆ. ನಿನಗೂ ಅದಕ್ಕೂ ಏನು ಸಂಬಂಧ? ಅಷ್ಟಕ್ಕೂ ಆ ಮುಖ ನನ್ನ ಹಸ್ತಪ್ರತಿಯಲ್ಲಿ ಇರಲೇ ಇಲ್ಲ. ಎಲ್ಲಿಂದ ತಂದೆ ಅಂತ ಇವತ್ತಿನವರೆಗೂ ನೀನು ಹೇಳಿಲ್ಲ."

ಹೇಳುತ್ತೇನೆ.

ನನ್ನ ಅಪ್ಪ ಗಣಿಯಲ್ಲಿದ್ದರು ಎಂದಷ್ಟೇ ನಿನಗೆ ಗೊತ್ತು. ಆ ಕಾಲದಲ್ಲಿ ಅಷ್ಟು ಹೇಳಿದರೆ ಉಳಿದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಅಪ್ಪ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ನಾನು ಐದು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಅವರನ್ನು ತರಗತಿಯಿಂದಲೇ ಕರೆದೊಯ್ದರು. ಯಾರೋ ಗೆಳೆಯನಿಗೆ ಗಡಿ ದಾಟಲು ದಾರಿ ಹೇಳಿದ್ದರಂತೆ. ಒಂಬತ್ತು ವರ್ಷ ಯಾಹಿಮೊವ್‌ನಲ್ಲಿ ಕೈದಿಯಾಗಿ ಯುರೇನಿಯಂ ಅಗೆದರು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅಪ್ಪ ಪಿಟೀಲು ಗಲ್ಲಕ್ಕಿಟ್ಟುಕೊಂಡು ಬಾಯಿ ತುಂಬ ನಗುತ್ತಿದ್ದರು. ಆ ನಗುವಿನೊಂದಿಗೆ ನಾನು ದೊಡ್ಡವನಾದೆ. ಪರೀಕ್ಷೆಗೆ ಹೋಗುವಾಗ ಅದಕ್ಕೆ ಹೇಳಿ ಹೋಗುತ್ತಿದ್ದೆ.

ಅರವತ್ತರ ಮೇ ತಿಂಗಳಲ್ಲಿ ಕ್ಷಮಾದಾನವಾಯಿತು. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ನಾನೇ ತೆರೆದೆ. ರಟ್ಟಿನ ಪೆಟ್ಟಿಗೆ ಹಿಡಿದ ಒಬ್ಬ ಮನುಷ್ಯ ನಿಂತಿದ್ದ. ಎರಡೂ ತೋಳು ಪಕ್ಕಕ್ಕೆ ಬಿಗಿದು, ಗಲ್ಲ ಸ್ವಲ್ಪ ಕೆಳಗಿಳಿಸಿ, ಕಣ್ಣು ಮಿಟುಕಿಸದೆ ನಿಂತಿದ್ದ. ಒಳಗೆ ಬರಲು ಅಪ್ಪಣೆಗೆ ಕಾಯುತ್ತಿದ್ದ. ಅಮ್ಮ ಓಡಿ ಬಂದು ಅವನ ಕುತ್ತಿಗೆಗೆ ಬಿದ್ದು ಅತ್ತಳು. ಅವನು ಅಳಲಿಲ್ಲ. ತೋಳು ಎತ್ತಲಿಲ್ಲ. ತಟ್ಟೆಯ ಸುತ್ತ ಮೊಣಕೈ ಕಟ್ಟಿ ಊಟ ಮಾಡಿದ. ಕರೆದರೆ ಎದ್ದು ನಿಲ್ಲುತ್ತಿದ್ದ. ನಮ್ಮಪ್ಪನನ್ನು ಅಲ್ಲೇ ಇಟ್ಟುಕೊಂಡು ಅವರ ಹಾಗೇ ಕಾಣುವ ಇನ್ನೊಬ್ಬನನ್ನು ಕಳಿಸಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು ವಿಲೇಮ್. ಹದಿನಾಲ್ಕು ವರ್ಷದ ಹುಡುಗ ನಾನು, ಸಣ್ಣವನೇನಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ, "ಇವನು ನಮ್ಮಪ್ಪ ಅಲ್ಲ. ವಾಪಸ್ ಕಳಿಸು" ಅಂದೆ. ಅಮ್ಮ ಕೆನ್ನೆಗೆ ಹೊಡೆದಳು. ತಿರುಗಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಕೇಳಿಸಿತೋ ಇಲ್ಲವೋ ಅದನ್ನು ನೋಡಿ ಹೇಳುವಂತಿರಲಿಲ್ಲ.

ಆಮೇಲೆ ಹದಿನಾರು ವರ್ಷ ಅವರು ಒಂದು ಮರದಡ್ಡೆಯಲ್ಲಿ ಕಾವಲು ಕಾದರು. ಪಿಟೀಲು ಮುಟ್ಟಲಿಲ್ಲ. ನನಗೆ ಎಂದೂ ಕೈ ಎತ್ತಲಿಲ್ಲ, ಒಂದು ಬಿರುಸು ಮಾತು ಆಡಲಿಲ್ಲ. ನನ್ನ ಬೂಟುಗಳನ್ನು ದಿನಾ ಬೆಳಿಗ್ಗೆ ಪಾಲಿಶ್ ಮಾಡಿ ಮೆಟ್ಟಿಲ ಮೇಲೆ ಜೋಡಿಸಿಡುತ್ತಿದ್ದರು. ನಾನು ಅವರಿಗೆ ಹೆದರುವುದನ್ನು ಮಾತ್ರ ಬಿಡಲಿಲ್ಲ.

ಸೆವೆರ್‌ನ ಮೊದಲ ತಾಲೀಮಿನ ದಿನ ನೆನಪಿದೆಯೇ? ನಾನು ಬೊಂಬೆಯ ಹಾಗೆ ಕತ್ತು ತಿರುಗಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಿರ್ದೇಶಕರು, "ನೀನು ಯಂತ್ರ ಆಗೋದು ಬೇಡಪ್ಪ, ನಿನಗೆ ಯಾವುದು ಭಯವೋ ಅದಾಗು" ಅಂದರು. ನಾನು ಸೆಟ್ಟಿನ ಬಾಗಿಲಿನಲ್ಲಿ ಹೋಗಿ ನಿಂತೆ. ತೋಳು ಪಕ್ಕಕ್ಕೆ, ಗಲ್ಲ ಕೆಳಕ್ಕೆ. ನಗುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಮೊದಲು ಚಪ್ಪಾಳೆ ತಟ್ಟಿದವನು ನೀನು.

ಯಂತ್ರಕ್ಕೆ ಅಮ್ಮನಿಲ್ಲ, ಯಾರಿಗೂ ನೋವಾಗಲ್ಲ ಅಂದಿದ್ದೆಯಲ್ಲ. ಮನೆಯಲ್ಲಿ ಅಮ್ಮ ಗಸಗಸೆ ಕೇಕ್ ಮಾಡಿ ಅಕ್ಕಪಕ್ಕದವರನ್ನು ಕೂಡಿಸಿ ಹದಿಮೂರು ಭಾಗವನ್ನೂ ತೋರಿಸಿದಳು. ಅಪ್ಪ ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಏನೂ ಹೇಳಲಿಲ್ಲ. ಮುಂದಿನ ವರ್ಷ ಗಣಿಯ ಧೂಳು ತಿಂದ ಎದೆಗೂಡು ಅವರನ್ನು ಕರೆದೊಯ್ದಿತು.

ಸಾಬೀನಾ ಹೇಳಿದ್ದು ನಿಜ. ಹೆದರಿಕೆ ಮೊದಲು ಬರುತ್ತದೆ, ಕಾರಣವನ್ನು ನಾವು ಆಮೇಲೆ ಹೊಲಿದು ಕೊಡುತ್ತೇವೆ. ಆ ಅಂಗಿಯನ್ನು ನೀನು ಚೆನ್ನಾಗಿ ಹೊಲಿದೆ, ಅದಕ್ಕೆ ತುಂಬಲು ನಾನು ಮನೆಯಿಂದಲೇ ಒಬ್ಬನನ್ನು ತಂದೆ.

ಇನ್ನು ರೊಜಾರ್ಕಾಳ ಸುದ್ದಿ. ಕಳೆದ ವಾರ ಹಿನೆಕ್ ಅವಳನ್ನು ಕರೆತಂದ, ಇವೆತಾಳಿಗೆ ಹೇಳದೆ. ಅವಳು ಹಜಾರದಲ್ಲಿ ಉಳಿದಳು, ನಾನು ಕೋಣೆಯಲ್ಲಿ. ನಡುವೆ ಅರ್ಧ ತೆರೆದ ಬಾಗಿಲು. ನಾನು ಕಾಣದ ಹಾಗೆ ಗೋಡೆಗೆ ಒರಗಿ ಕೂತು, ಅವಳ ಮೊಲ ಹೇಗಿದೆ ಎಂದು ಕೇಳಿದೆ. ಬಹಳ ಹೊತ್ತಾದ ಮೇಲೆ "ಮರಿ ಹಾಕಿದೆ" ಎಂಬ ದನಿ ಬಂತು. ಎಷ್ಟು ಮರಿ, ಯಾವ ಬಣ್ಣ, ಎಲ್ಲ ಹೇಳಿದಳು. ಆಮೇಲೆ ಹೆಜ್ಜೆ ಸದ್ದು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು.

"ತಾತ, ನೀನು ಒಳಗಿದ್ದೀಯಾ?"

ಕೋಣೆಯ ಒಳಗೆ ಎಂದುಕೊಂಡೆ. "ಇದ್ದೀನಲ್ಲ" ಅಂದೆ.

"ಅಲ್ಲ. ಅದರ ಒಳಗೆ" ಎಂದು ತನ್ನ ಮುಖ ಮುಟ್ಟಿ ತೋರಿಸಿದಳು.

"ಇದ್ದೀನಿ ಕಣೇ. ಇಲ್ಲೇ ಇದ್ದೀನಿ. ಬಾಗಿಲು ತೆಗೆಯಕ್ಕೆ ಬರ್ತಿಲ್ಲ, ಅಷ್ಟೆ."

ಅವಳು ಸಂದಿಯಿಂದ ನನ್ನನ್ನು ನೋಡಿದಳು. ಒಳಗೆ ಬರಲಿಲ್ಲ. "ಸರಿ" ಎಂದು ಹೇಳಿ ಅಪ್ಪನ ಬಳಿ ಹೋದಳು. ಮುಟ್ಟಗೊಡಲೂ ಇಲ್ಲ, ಕಿರುಚಲೂ ಇಲ್ಲ. ಹೊಸ ಧಾರಾವಾಹಿ ಬರುವುದರೊಳಗೆ ಇನ್ನೆಷ್ಟು ಸಿಗುತ್ತದೋ ಕಾಣೆ. ನನಗೆ ಸಮಯ ಇಲ್ಲ ವಿಲೇಮ್. ದನಿಯೂ ಸಣ್ಣಗಾಗುತ್ತಿದೆ. ಅದೂ ಹೋದ ಮೇಲೆ ಅವಳು ಕೇಳಿದರೆ ಇದ್ದೇನೆ ಎಂದು ಹೇಗೆ ತಿಳಿಸಲಿ?

ಸಾಬೀನಾಳಿಗೆ ಪಾತ್ರ ಬೇಡವೆಂದು ಬರೆದು ಹಾಕಿದೆ. ಅವರಿಗೆ ಬೇರೆ ಮುಖ ಸಿಗುತ್ತದೆ. ನಿನ್ನ ಮೇಲೆ ಈಗ ಸಿಟ್ಟಿಲ್ಲ. ಕ್ರಿಸ್ಮಸ್‌ಗೆ ಒಬ್ಬನೇ ಕೂತು ಮೀನು ಹುರಿಯಬೇಡ, ಇಲ್ಲಿಗೆ ಬಾ. ಲಿಬುಶೆ ಮೀನಿನವನಿಗೆ ಎರಡು ಹೋಳು ಹೆಚ್ಚಿಗೆ ಹೇಳಿಟ್ಟಿದ್ದಾಳೆ. ನಿನ್ನ ಮೊಣಕಾಲು, ನಿನ್ನ ನಿದ್ದೆ, ನಿನ್ನ ಹಟಮಾರಿ ಎದೆ ಎಲ್ಲವೂ ಕ್ಷೇಮವಾಗಿರಲಿ, ನನಗಿಂತ ಬಹಳ ಕಾಲ ನೀನು ಇರು.

ಎಂದೂ ನಿನ್ನವನೇ ಆದ
ಲುಬೋರ್

ಮರೆತ ಮಾತು: ಅಪ್ಪ ಏನೂ ಹೇಳಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಮರೆತದ್ದಲ್ಲ, ಸುಳ್ಳು ಹೇಳಿದೆ. ಮೊದಲ ಭಾಗ ಬಂದ ಮರುದಿನ ನಾನು ಊರಿಗೆ ಹೋಗಿದ್ದೆ. ಅಪ್ಪ ಬೂಟು ಉಜ್ಜುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು, "ಅವನು ಬಂದು ಬಾಗಿಲಲ್ಲಿ ನಿಂತ, ಅಷ್ಟೆ. ಇನ್ನೂ ಏನೂ ಮಾಡಿರಲಿಲ್ಲ. ಅವನು ಕೆಟ್ಟವನು ಅಂತ ಆ ಮನೆಯವರಿಗೆ ಹೇಗೆ ಗೊತ್ತಾಯ್ತು?" ನಾನು ಹೊಸದಾಗಿ ಹೆಸರು ಮಾಡಿದ ನಟ, ಉಬ್ಬಿ ಹೋಗಿದ್ದೆ. "ಮುಖ ನೋಡಿದ್ರೇ ಗೊತ್ತಾಗತ್ತಲ್ಲಪ್ಪ" ಅಂದೆ. ಅವರು ಇನ್ನೊಂದು ಬೂಟು ತೆಗೆದುಕೊಂಡರು. ಮೂರು ವಾರ ಕಳೆದು ಮತ್ತೆ ಹೋದಾಗ ಅಪ್ಪನೇ ಬಾಗಿಲು ತೆರೆದರು, ತೆರೆದು ತುಟಿಗಳನ್ನು ಎರಡು ಪಕ್ಕಕ್ಕೆ ಎಳೆದು ಹಲ್ಲು ತೋರಿಸುತ್ತಾ ನಿಂತರು. ನನಗೆ ಗಾಬರಿಯಾಗಿ, "ಅಪ್ಪ, ಹಾಗೆಲ್ಲ ಮಾಡ್ಬೇಡಿ" ಅಂದೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಅಮ್ಮ ಹೇಳಿದಳು. ನಾನು ಬರುತ್ತೇನೆಂದು ಗೊತ್ತಾದಾಗಿನಿಂದ ಅವರು ದಿನಾ ಮುಖ ತೊಳೆಯುವ ಕನ್ನಡಿಯೆದುರು ನಿಂತು, ಎರಡು ಬೆರಳಿನಿಂದ ಕೆನ್ನೆಗಳನ್ನು ಮೇಲಕ್ಕೆತ್ತಿ ಹಿಡಿದು ಅದನ್ನು ಕಲಿಯುತ್ತಿದ್ದರಂತೆ. ನಾನು ಬೇಡವೆಂದ ಮೇಲೆ ನಿಲ್ಲಿಸಿದರು.